ಹೊಸ ಗೇಮ್‌ನಲ್ಲಿ ಹೊಸದೇನಿದೆ?

ಬೆಳಿಗ್ಗೆ ಎಂಟರ ಸುಮಾರಿಗೆ ಹೊಳೆನರಸೀಪುರ, ಅರಕಲಗೂಡು ಅಥವಾ ಚನ್ನರಾಯಪಟ್ಟಣದ ಕಡೆಯಿಂದ ಹಾಸನಕ್ಕೆ ಬರುವ ಯಾವ ಬಸ್ಸನ್ನಾದರೂ ಹತ್ತಿ ನೋಡಿ. ಕಾಲೇಜಿಗೆ ಹೊರಟವರ ಕೈಯಲ್ಲಿ ಮೊಬೈಲ್‌ಗಳು ಅಡ್ಡಡ್ಡ ತಿರುಗಿರುತ್ತವೆ. ಮೊಬೈಲ್ ಅಡ್ಡ ತಿರುಗಿತೆಂದರೆ ಗೇಮ್ ಶುರುವಾಗಿದೆ ಎಂದೇ ಲೆಕ್ಕ. ಪಕ್ಕದಲ್ಲಿ ಕೂತ, ಕೆಲಸಕ್ಕೆ ಹೊರಟ ಅಣ್ಣ ಇಣುಕಿ ನೋಡಿ, ‘ಏನ್ ಗೇಮೋ ಇದು? ನಮ್ ಕಾಲದ್ ಮಾರಿಯೊ, ಕಾಂಟ್ರಾ ಮುಂದೆ ಇದೆಲ್ಲ ಏನೂ ಇಲ್ಲ ಬಿಡು’ ಎನ್ನುತ್ತಾನೆ. ಹುಡುಗ ಸುಮ್ಮನಿರುವುದಿಲ್ಲ: ‘ಅಣ್ಣಾ, ಅದ್ರಲ್ಲಿ ಏನಿತ್ತು? ಬಲಕ್ಕೆ ಓಡೋದು, ಜಂಪ್ ಮಾಡೋದು. ಇದ್ರಲ್ಲಿ ನೂರು ಜನ ಒಟ್ಟಿಗೆ ಆಡ್ತಾರೆ.’ ಬಸ್ಸು ನಿಲ್ದಾಣ ಸೇರುವವರೆಗೂ ವಾದ ಮುಗಿಯುವುದಿಲ್ಲ.

ಇದನ್ನು ಹರಟೆ ಎಂದು ತಳ್ಳಿಹಾಕಬೇಕಿಲ್ಲ. ನಮ್ಮ ವಯಸ್ಸಿನವರ ದಿನದ ಎಷ್ಟೋ ಹೊತ್ತು ಗೇಮ್‌ಗಳಲ್ಲಿ ಕಳೆಯುತ್ತಿದೆ. ಕೊಟ್ಟ ಹೊತ್ತಿಗೆ ನಮಗೆ ಸಿಗುತ್ತಿರುವುದೇನು ಎಂದು ತಿಳಿಯುವುದು ಒಳ್ಳೆಯದು. ಇನ್ನೊಂದು ಕಾರಣವೂ ಇದೆ. ನಮ್ಮ ಜಿಲ್ಲೆಯ ಎಂಜಿನಿಯರಿಂಗ್, ಡಿಪ್ಲೊಮಾ, ಬಿಸಿಎ ತರಗತಿಗಳಲ್ಲಿ ‘ಗೇಮ್ ಮಾಡುವ ಕೆಲಸಕ್ಕೇ ಹೋಗಬೇಕು’ ಎಂಬ ಆಸೆ ಇಟ್ಟುಕೊಂಡವರು ಈಗ ಕಾಣಸಿಗುತ್ತಾರೆ. ಅಂಥವರಿಗೆ ಗೇಮ್‌ನಲ್ಲಿ ಹೊಸತನ ಎಂದರೆ ಏನು, ಅದು ಎಲ್ಲಿಂದ ಬರುತ್ತದೆ ಎಂಬುದು ಅನ್ನದ ಪ್ರಶ್ನೆ.

ಬೆಳ್ಳಗಿರುವುದೆಲ್ಲ ಹಾಲಲ್ಲ

ವಾದ ಮುಗಿಯದಿರಲು ಕಾರಣ, ಇಬ್ಬರೂ ‘ಹೊಸತು’ ಎಂಬ ಪದವನ್ನು ಬೇರೆ ಬೇರೆ ಅರ್ಥದಲ್ಲಿ ಬಳಸುವುದು. ಹುಡುಗ ಹೇಳುತ್ತಿರುವುದು ನೋಟದ ಹೊಸತನ. ಹುಲ್ಲು ಗಾಳಿಗೆ ಅಲುಗುತ್ತದೆ, ನೀರಿನಲ್ಲಿ ಬಿಂಬ ಕಾಣುತ್ತದೆ, ಮುಖದಲ್ಲಿ ಬೆವರು ಹೊಳೆಯುತ್ತದೆ. ಅದು ದೊಡ್ಡ ಸಾಧನೆಯೇ. ಆದರೆ ಪ್ರತಿವರ್ಷ ಆಟಗಾರರ ಜರ್ಸಿ ಬದಲಾಗಿ, ಮೈದಾನ ಇನ್ನಷ್ಟು ಹೊಳೆಯುವ ಕ್ರೀಡಾ ಗೇಮ್ ಹೊಸ ಆಟವಾಯಿತೇ? ಹೋದ ವರ್ಷ ಒತ್ತಿದ ಬಟನ್‌ಗಳನ್ನೇ ಈ ವರ್ಷವೂ ಒತ್ತುತ್ತೇವೆ, ಅದೇ ಲೆಕ್ಕಾಚಾರ ಹಾಕುತ್ತೇವೆ.

ಇದಕ್ಕೊಂದು ಸರಳ ಪರೀಕ್ಷೆ ಇದೆ. ಗೇಮ್‌ನ ಚಿತ್ರ, ಬಣ್ಣ, ಸದ್ದು ಎಲ್ಲವನ್ನೂ ಮನಸ್ಸಿನಲ್ಲೇ ಅಳಿಸಿಹಾಕಿ. ಉಳಿಯುವುದು ನಿಯಮಗಳು ಮತ್ತು ಆಡುವವನು ಕ್ಷಣಕ್ಷಣಕ್ಕೂ ತೆಗೆದುಕೊಳ್ಳಬೇಕಾದ ತೀರ್ಮಾನಗಳು. ಈ ನಿಯಮ ಹಿಂದೆ ಯಾರೂ ಕೇಳದ ತೀರ್ಮಾನವನ್ನು ನಿಮ್ಮಿಂದ ಕೇಳುತ್ತಿದೆಯೇ? ಹೌದಾದರೆ ಅದು ಹೊಸ ಆಟ. ಇಲ್ಲವಾದರೆ ಹಳೆ ಮನೆಗೆ ಸುಣ್ಣಬಣ್ಣ ಹೊಡೆದಂತೆ. ಈ ಅಳತೆಗೋಲು ಹಿಡಿದರೆ ಬಸ್ಸಿನ ವಾದದಲ್ಲಿ ಅಣ್ಣನೂ ಪೂರ್ತಿ ಗೆಲ್ಲುವುದಿಲ್ಲ, ಹುಡುಗನೂ ಗೆಲ್ಲುವುದಿಲ್ಲ.

ಜಗಲಿಯ ಮೇಲಿನ ಆಟಗಳು

ಮೊದಲು ನಮ್ಮ ಅಜ್ಜ ಅಜ್ಜಿಯರ ಆಟಗಳನ್ನೇ ಈ ಅಳತೆಗೆ ಹಚ್ಚಿ ನೋಡೋಣ. ಹುಲಿ-ಕುರಿ ಆಟ ಗೊತ್ತಲ್ಲ? ಸೀಮೆಸುಣ್ಣದಲ್ಲೋ ಇದ್ದಿಲಲ್ಲೋ ಗೆರೆ ಎಳೆದು, ಕಲ್ಲು ಇಟ್ಟು ಆಡುವುದು. ಒಬ್ಬನ ಕೈಯಲ್ಲಿ ಬೆರಳೆಣಿಕೆಯ ಹುಲಿಗಳು, ಇನ್ನೊಬ್ಬನ ಕೈಯಲ್ಲಿ ಕುರಿಗಳ ಹಿಂಡು. ಹುಲಿ ಕುರಿಯ ಮೇಲೆ ಹಾರಿ ತಿನ್ನಬೇಕು, ಕುರಿಗಳು ಒಟ್ಟುಗೂಡಿ ಹುಲಿ ಅಲುಗಾಡದಂತೆ ಕಟ್ಟಿಹಾಕಬೇಕು. ರಾಜ್ಯದ ಎಷ್ಟೋ ಹಳೆಯ ದೇವಸ್ಥಾನಗಳ ಕಲ್ಲುಹಾಸಿನ ಮೇಲೆ ಇಂಥ ಆಟದ ಮನೆಗಳನ್ನು ಕೆತ್ತಿರುವುದು ಇಂದಿಗೂ ಕಾಣುತ್ತದೆ.

ಇಲ್ಲಿ ಇಬ್ಬರು ಆಟಗಾರರಿಗೆ ಒಂದೇ ಬಲ ಇಲ್ಲ, ಒಂದೇ ಗುರಿ ಇಲ್ಲ, ಒಂದೇ ನಿಯಮವೂ ಇಲ್ಲ. ಚದುರಂಗದಲ್ಲಿ ಎರಡೂ ಕಡೆ ಸಮಸಮ. ಹುಲಿ-ಕುರಿಯಲ್ಲಿ ಹಾಗಲ್ಲ. ವಿಡಿಯೊ ಗೇಮ್ ಲೋಕದಲ್ಲಿ 2015ರ ‘ಇವಾಲ್ವ್’ ಮತ್ತು 2016ರ ‘ಡೆಡ್ ಬೈ ಡೇಲೈಟ್’ ಬಂದಾಗ ಒಬ್ಬನ ವಿರುದ್ಧ ನಾಲ್ವರು ಆಡುವ ಈ ಅಸಮಾನ ಪೈಪೋಟಿಯ ಬಗ್ಗೆ ಬಹಳ ಚರ್ಚೆಯಾಯಿತು. ಚಿತ್ರಗಳನ್ನು ಅಳಿಸಿ ನೋಡಿದರೆ ಅಲ್ಲಿರುವುದು ನಮ್ಮ ಜಗಲಿಯ ಹುಲಿ ಮತ್ತು ಕುರಿಗಳ ದೂರದ ನೆಂಟರೇ.

ಚೌಕಾಬಾರವನ್ನೂ ನೋಡಿ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ ಎಂಬ ನಿಯಮವನ್ನು ನಮ್ಮ ಕಡೆ ಪಾಲಿಸುತ್ತಾರೆ. ಅದೊಂದು ನಿಯಮ ಇರುವುದರಿಂದಲೇ ಹೆದರಿ ಮೂಲೆಯಲ್ಲಿ ಕೂರುವವನು ಗೆಲ್ಲಲಾರ. ಇಂದಿನ ಗೇಮ್ ವಿನ್ಯಾಸಕಾರರು ತಲೆ ಕೆಡಿಸಿಕೊಳ್ಳುವ ಸಮಸ್ಯೆಯೂ ಇದೇ: ಸುಮ್ಮನೆ ಅಡಗಿ ಕೂರುವ ಆಟಗಾರನನ್ನು ಹೊರಗೆ ತರುವುದು ಹೇಗೆ?

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಅವರಿಗೆ ಈ ವಿಷಯದಲ್ಲಿ ಎಷ್ಟು ಆಸಕ್ತಿ ಇತ್ತೆಂದರೆ, ಅವರು ಹಲವು ಹಲಗೆ ಆಟಗಳನ್ನು, ಎಲೆ ಆಟಗಳನ್ನು ಸ್ವತಃ ರೂಪಿಸಿದರು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕ ನಿಧಿ ಭಾಗದಲ್ಲಿ ಆಟಗಳ ವಿವರಗಳಿವೆ. ಚದುರಂಗದ ಕುದುರೆಯನ್ನು ಒಂದೇ ಮನೆಗೆ ಎರಡು ಸಲ ಹೋಗದಂತೆ ಎಲ್ಲ ಮನೆಗಳಲ್ಲೂ ಓಡಿಸುವ ಲೆಕ್ಕದಲ್ಲಿ ಅವರು ಪಳಗಿದವರು. ಆಟ ಆಡುವುದಷ್ಟೇ ಅಲ್ಲದೆ ಆಟ ಕಟ್ಟುವ ಪರಂಪರೆಯೂ ನಮ್ಮ ನಾಡಿಗೆ ಹೊಸದಲ್ಲ ಎಂದಾಯಿತು. ಲಾಕ್‌ಡೌನ್ ದಿನಗಳಲ್ಲಿ ಮನೆಮನೆಯಲ್ಲೂ ಆಡಿದ ‘ಲೂಡೋ ಕಿಂಗ್’ ನೆನಪಿದೆಯೇ? 2016ರಲ್ಲಿ ಬಂದ ಆ ಮೊಬೈಲ್ ಗೇಮ್‌ನ ಮೂಲ ನಮ್ಮದೇ ಪಗಡೆ, ಪಚ್ಚೀಸಿ. ಅದು ಇಂಗ್ಲೆಂಡಿಗೆ ಹೋಗಿ, 1896ರಲ್ಲಿ ಲೂಡೋ ಎಂಬ ಹೆಸರಲ್ಲಿ ಪೇಟೆಂಟ್ ಪಡೆದು, ಮತ್ತೆ ನಮ್ಮ ಮೊಬೈಲಿಗೇ ಬಂದು ಕೂತಿತು.

40 ಕೆ.ಬಿ.ಯ ಜಾಣತನ

ಈಗ ಅಣ್ಣನ ವಾದಕ್ಕೆ ಬರೋಣ. ‘ಸೂಪರ್ ಮಾರಿಯೊ ಬ್ರದರ್ಸ್’ ಜಪಾನಿನಲ್ಲಿ ಬಿಡುಗಡೆಯಾದದ್ದು 1985ರಲ್ಲಿ. ನಮ್ಮ ಊರುಗಳಿಗೆ ಅದು ತಲುಪುವಾಗ ಬಹಳ ತಡವಾಗಿತ್ತು. ಟಿ.ವಿ.ಗೆ ಸಿಕ್ಕಿಸುವ ಅಗ್ಗದ ಡಬ್ಬ, ಎರಡು ರಿಮೋಟು, ‘9999 ಗೇಮ್ಸ್’ ಎಂದು ಬರೆದ ಹಳದಿ ಕ್ಯಾಸೆಟ್ಟು. ಆ ಕ್ಯಾಸೆಟ್ ಕೆಲಸ ಮಾಡದಿದ್ದರೆ ಬಾಯಲ್ಲಿ ಊದಿ ಮತ್ತೆ ಹಾಕುವ ವೈದ್ಯ ಎಲ್ಲರಿಗೂ ಗೊತ್ತಿತ್ತು.

ಆ ಇಡೀ ಮಾರಿಯೊ ಗೇಮ್‌ನ ಗಾತ್ರ 40 ಕೆ.ಬಿ. ಇಂದು ನಾವು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಒಂದು ಫೋಟೊ ಅದಕ್ಕಿಂತ ದೊಡ್ಡದಿರುತ್ತದೆ. ಅಷ್ಟರಲ್ಲೇ 32 ಹಂತಗಳು, ಸಂಗೀತ, ಶತ್ರುಗಳು ಎಲ್ಲವನ್ನೂ ತುಂಬಬೇಕಿತ್ತು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಾದಾಗ ಬುದ್ಧಿ ಓಡುತ್ತದೆ. ಅದರಲ್ಲಿ ಕಾಣುವ ಮೋಡ ಮತ್ತು ಪೊದೆ ಒಂದೇ ಚಿತ್ರ. ಬಿಳಿ ಬಣ್ಣ ಕೊಟ್ಟರೆ ಮೋಡ, ಹಸಿರು ಕೊಟ್ಟರೆ ಪೊದೆ! ಆಟದ ಮೊದಲ ಹಂತವನ್ನೂ ಗಮನಿಸಿ. ಎಲ್ಲೂ ಒಂದು ಸಾಲಿನ ಸೂಚನೆ ಇಲ್ಲ. ಎದುರಿಗೆ ಒಂದು ಶತ್ರು ನಡೆದು ಬರುತ್ತದೆ, ಮುಟ್ಟಿದರೆ ಸಾಯುತ್ತೀರಿ, ಹಾರಿದರೆ ಬದುಕುತ್ತೀರಿ. ಅದಕ್ಕೇ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬಾರದ ನಮ್ಮೂರಿನ ಮಕ್ಕಳೂ ಹತ್ತು ನಿಮಿಷದಲ್ಲಿ ಆಟ ಕಲಿತರು. ಭಾಷೆಯಿಲ್ಲದೆ ಪಾಠ ಹೇಳಿಕೊಡುವುದು ಸಣ್ಣ ಸಂಗತಿಯಲ್ಲ.

ಇಂಥ ಕಥೆಗಳು ಹಲವು. 1978ರ ‘ಸ್ಪೇಸ್ ಇನ್‌ವೇಡರ್ಸ್‌’ನಲ್ಲಿ ಶತ್ರುಗಳು ಕಡಿಮೆಯಾದಂತೆ ಉಳಿದವರ ವೇಗ ಹೆಚ್ಚುತ್ತದೆ. ಅದು ಮೊದಲು ಯೋಚಿಸಿ ಮಾಡಿದ್ದಲ್ಲ. ಪರದೆಯ ಮೇಲೆ ಬಿಡಿಸಬೇಕಾದ ಚಿತ್ರಗಳು ಕಡಿಮೆಯಾದಾಗ ಆ ಯಂತ್ರ ತಾನಾಗಿ ವೇಗವಾಗುತ್ತಿತ್ತು. ತಯಾರಿಸಿದ ನಿಶಿಕಾಡೊ ಅದನ್ನು ಸರಿಪಡಿಸುವ ಬದಲು ಹಾಗೇ ಉಳಿಸಿಕೊಂಡರು. ಆಟ ಮುಂದುವರಿದಂತೆ ಕಷ್ಟವಾಗುತ್ತಾ ಹೋಗಬೇಕು ಎಂಬ ಪಾಠ ಅಲ್ಲಿಂದ ಗಟ್ಟಿಯಾಯಿತು. 1980ರ ‘ಪ್ಯಾಕ್‌ಮ್ಯಾನ್‌’ನ ನಾಲ್ಕು ಭೂತಗಳಿಗೆ ನಾಲ್ಕು ಸ್ವಭಾವ: ಒಂದು ಬೆನ್ನಟ್ಟುತ್ತದೆ, ಇನ್ನೊಂದು ನಾವು ಹೋಗುವ ದಾರಿಯ ಮುಂದೆ ಹೋಗಿ ಕಾಯುತ್ತದೆ. 1984ರಲ್ಲಿ ಮಾಸ್ಕೊದ ಅಲೆಕ್ಸಿ ಪಾಜಿಟ್ನೊವ್ ‘ಟೆಟ್ರಿಸ್’ ಬರೆದಾಗ ಅವರ ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ಸೌಲಭ್ಯವೇ ಇರಲಿಲ್ಲ. ಆವರಣ ಚಿಹ್ನೆಗಳನ್ನೇ ಜೋಡಿಸಿ ಇಟ್ಟಿಗೆ ಮಾಡಿಕೊಂಡರು. 1989ರ ‘ಪ್ರಿನ್ಸ್ ಆಫ್ ಪರ್ಷಿಯಾ’ಗೆ ಹೊಸ ಖಳನಾಯಕನನ್ನು ಸೇರಿಸಲು ಮೆಮೊರಿ ಸಾಲದೆ, ನಾಯಕನ ಚಿತ್ರವನ್ನೇ ತಿರುಗುಮುರುಗು ಮಾಡಿ ನೆರಳು ಮನುಷ್ಯನನ್ನು ಸೃಷ್ಟಿಸಿದರು ಜೋರ್ಡನ್ ಮೆಕ್ನರ್. ಆಟದಲ್ಲಿ ಹೆಚ್ಚು ನೆನಪುಳಿಯುವ ಪಾತ್ರ ಅದೇ ಆಯಿತು.

ದೂರದ ಬೆಟ್ಟ ನುಣ್ಣಗೆ

ಹಾಗಾದರೆ ಅಣ್ಣನೇ ಗೆದ್ದನೇ? ಸ್ವಲ್ಪ ತಾಳಿ. ಆ 9999 ಗೇಮ್‌ಗಳ ಕ್ಯಾಸೆಟ್‌ನಲ್ಲಿ ನಿಜಕ್ಕೂ ಎಷ್ಟು ಆಟಗಳಿದ್ದವು ಎಂದು ಆಡಿದವರನ್ನೇ ಕೇಳಿ. ಹತ್ತೋ ಇಪ್ಪತ್ತೋ ಆಟಗಳೇ ಬೇರೆ ಬೇರೆ ಹೆಸರಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಹಳೆಯ ಕಾಲದಲ್ಲೂ ನಕಲು ಧಾರಾಳವಾಗಿತ್ತು. 1997ರಲ್ಲಿ ನೋಕಿಯಾ ಮೊಬೈಲ್‌ಗೆ ಬಂದ ‘ಸ್ನೇಕ್’ ಅನ್ನು ನಾವು ಮೊದಲ ಮೊಬೈಲ್ ಗೇಮ್‌ಗಳ ಅಜ್ಜ ಎಂದು ಹೊಗಳುತ್ತೇವೆ. ಅದರ ಮೂಲ ಯೋಚನೆ 1976ರ ‘ಬ್ಲಾಕೇಡ್’ ಎಂಬ ಆರ್ಕೇಡ್ ಗೇಮ್‌ನಲ್ಲೇ ಇತ್ತು.

1983ರಲ್ಲಿ ಅಮೆರಿಕದ ವಿಡಿಯೊ ಗೇಮ್ ಮಾರುಕಟ್ಟೆ ಕುಸಿದುಬಿತ್ತು. ಅದಕ್ಕಿದ್ದ ಕಾರಣಗಳಲ್ಲಿ ಒಂದು, ಅವಸರದಲ್ಲಿ ಮಾಡಿದ ಕಳಪೆ ಗೇಮ್‌ಗಳು ಅಂಗಡಿ ತುಂಬಿದ್ದು. ಅಟಾರಿ ಕಂಪನಿ ಮಾರಾಟವಾಗದ ಕ್ಯಾಸೆಟ್ಟುಗಳನ್ನು ಮರುಭೂಮಿಯಲ್ಲಿ ಹೂತುಹಾಕಿತ್ತು. 2014ರಲ್ಲಿ ನ್ಯೂ ಮೆಕ್ಸಿಕೊದ ಆ ಜಾಗವನ್ನು ಅಗೆದಾಗ ಅವು ಸಿಕ್ಕವು. ನಮ್ಮ ನೆನಪಿನಲ್ಲಿ ಉಳಿದಿರುವುದು ಮಾರಿಯೊ, ಟೆಟ್ರಿಸ್, ಕಾಂಟ್ರಾ. ಮಣ್ಣಿನಡಿ ಹೋದವನ್ನು ಯಾರೂ ನೆನೆಯುವುದಿಲ್ಲ. ಹಳೆಯ ಕಾಲದ ಅತ್ಯುತ್ತಮವಾದ ಹತ್ತನ್ನು ಇಂದಿನ ಸಾಧಾರಣ ನೂರರ ಜತೆ ಹೋಲಿಸಿದರೆ ಹಳೆಯದೇ ಗೆಲ್ಲುತ್ತದೆ. ಅದು ನ್ಯಾಯದ ಹೋಲಿಕೆಯಲ್ಲ.

ಅಂದಿನವರಿಗೆ ಇನ್ನೊಂದು ಅನುಕೂಲವೂ ಇತ್ತು. ಬಯಲೆಲ್ಲ ಖಾಲಿ ಇತ್ತು. ಖಾಲಿ ಹೊಲದಲ್ಲಿ ಮೊದಲು ನೇಗಿಲು ಹೂಡಿದವನು ಹೋದ ಕಡೆಯೆಲ್ಲ ಹೊಸ ಸಾಲೇ ಆಗುತ್ತದೆ.

ದೊಡ್ಡ ಗೇಮ್, ದೊಡ್ಡ ಭಯ

ಇಂದಿನ ದೊಡ್ಡ ಗೇಮ್‌ಗಳು ಮಾಡಿದ್ದೇನೂ ಇಲ್ಲವೆಂದರೆ ತಪ್ಪಾಗುತ್ತದೆ. ಪಬ್‌ಜಿ ಮಾದರಿಯ ಆಟಗಳನ್ನೇ ತೆಗೆದುಕೊಳ್ಳಿ. ನೂರು ಜನ ಒಂದು ದ್ವೀಪಕ್ಕೆ ಇಳಿದರೆ ಮೂಲೆ ಹಿಡಿದು ಕೂರುವವರೇ ಹೆಚ್ಚು. ಅದಕ್ಕೆ ಕಂಡುಕೊಂಡ ಉಪಾಯ ನಿಧಾನವಾಗಿ ಕುಗ್ಗುವ ವೃತ್ತ. ವೃತ್ತದ ಹೊರಗಿದ್ದರೆ ಸಾವು, ಒಳಗೆ ಬಂದರೆ ಎದುರಾಳಿ. ಕೂತವನನ್ನು ಎಬ್ಬಿಸುವ ಆ ಒಂದು ನಿಯಮ ನಮ್ಮ ಪರೀಕ್ಷೆಯಲ್ಲಿ ಚೆನ್ನಾಗಿಯೇ ಪಾಸಾಗುತ್ತದೆ. 2020ರ ‘ದಿ ಲಾಸ್ಟ್ ಆಫ್ ಅಸ್’ ಎರಡನೇ ಭಾಗದಲ್ಲಿ ಅಂಗವೈಕಲ್ಯ ಇರುವವರಿಗಾಗಿ 60ಕ್ಕೂ ಹೆಚ್ಚು ಸೌಲಭ್ಯಗಳಿದ್ದವು. ಕಣ್ಣು ಕಾಣದವರು ಸದ್ದಿನ ಸುಳಿವು ಹಿಡಿದು ಇಡೀ ಗೇಮ್ ಮುಗಿಸಬಹುದಿತ್ತು. ಇದಕ್ಕಿಂತ ಅರ್ಥಪೂರ್ಣವಾದ ಹೊಸತನ ಯಾವುದಿದೆ?

ಆದರೂ ದೊಡ್ಡ ಕಂಪನಿಗಳಲ್ಲಿ ಒಂದು ಭಯ ಕಾಣುತ್ತದೆ. ‘ರೆಡ್ ಡೆಡ್ ರಿಡೆಂಪ್ಷನ್ 2’ ಕಂಪ್ಯೂಟರಿನಲ್ಲಿ 150 ಜಿ.ಬಿ. ಜಾಗ ಕೇಳುತ್ತದೆ. ಇಂಥ ಗೇಮ್ ಕಟ್ಟಲು ಸಾವಿರಾರು ಜನ ವರ್ಷಗಟ್ಟಲೆ ದುಡಿಯಬೇಕು. ಅಷ್ಟು ಹಣ ಸುರಿದವರು ಗೊತ್ತಿರುವ ದಾರಿಯನ್ನೇ ಹಿಡಿಯುತ್ತಾರೆ. ಗೆದ್ದ ಗೇಮ್‌ನ ಎರಡನೇ, ಮೂರನೇ, ಹತ್ತನೇ ಭಾಗ ಬರುತ್ತದೆ. ‘ಕಾಲ್ ಆಫ್ ಡ್ಯೂಟಿ’ 2005ರಿಂದ ಹೆಚ್ಚುಕಡಿಮೆ ಪ್ರತಿವರ್ಷ ಬರುತ್ತಲೇ ಇದೆ. ನಮ್ಮ ಸಿನಿಮಾ ನಿರ್ಮಾಪಕರು ಹಿಟ್ ಚಿತ್ರದ ಸೂತ್ರ ಬಿಡದಿರುವುದಕ್ಕೂ ಇದಕ್ಕೂ ವ್ಯತ್ಯಾಸ ಬಹಳ ಇಲ್ಲ.

ನಮ್ಮನ್ನು ಹಿಡಿದಿಡುವ ಜಾಣತನ

ಇನ್ನು ನಮ್ಮ ಮೊಬೈಲ್‌ನಲ್ಲಿರುವ ಉಚಿತ ಗೇಮ್‌ಗಳು. ಇಲ್ಲಿ ಹೊಸತನ ಭರಪೂರ ಇದೆ. ಅದು ಯಾರಿಗಾಗಿ ಎಂಬುದನ್ನು ಮಾತ್ರ ನೋಡಬೇಕು. ದಿನಾ ಲಾಗಿನ್ ಆದರೆ ಬಹುಮಾನ, ಒಂದು ದಿನ ತಪ್ಪಿದರೆ ಕಟ್ಟಿದ ಸರಣಿ ಮುರಿದು ಮತ್ತೆ ಸೊನ್ನೆಯಿಂದ ಶುರು. ಪೆಟ್ಟಿಗೆ ತೆರೆದರೆ ಏನು ಸಿಗುತ್ತದೋ ಗೊತ್ತಿಲ್ಲ, ಸಿಕ್ಕರೆ ಅದೃಷ್ಟ. ತಿಂಗಳಿಗೊಂದು ಪಾಸ್, ತೀರುವ ಮೊದಲು ಆಡಿ ಮುಗಿಸುವ ಒತ್ತಡ. ಗನ್ನಿಗೆ ಬಣ್ಣ ಬಳಿಯಲು ಅಪ್ಪನ ಯುಪಿಐ. ಇವುಗಳ ಹಿಂದೆ ದಡ್ಡರಿಲ್ಲ. ಮನುಷ್ಯ ಯಾವ ಕ್ಷಣದಲ್ಲಿ ಮೊಬೈಲ್ ಕೆಳಗಿಡುತ್ತಾನೆ ಎಂದು ಅಳೆದು, ಆ ಕ್ಷಣಕ್ಕೆ ಸರಿಯಾಗಿ ಇನ್ನೊಂದು ಆಮಿಷ ಇಡುವವರಿದ್ದಾರೆ. ಹಳೆಯ ಗೇಮ್ ನಮ್ಮ ಬೆರಳಿಗೆ ಸವಾಲು ಹಾಕುತ್ತಿತ್ತು. ಇವು ನಮ್ಮ ಅಭ್ಯಾಸಕ್ಕೆ ಗಾಳ ಹಾಕುತ್ತವೆ.

ಹಣ ಕಟ್ಟಿ ಆಡುವ ಆಟಗಳಂತೂ ಇನ್ನೂ ಒಂದು ಹೆಜ್ಜೆ ಮುಂದೆ. ಪರೀಕ್ಷೆ ಫೀಸಿಗೆಂದು ಮನೆಯವರು ಕಳಿಸಿದ ದುಡ್ಡನ್ನು ಮೊಬೈಲ್ ಇಸ್ಪೀಟಿನಲ್ಲಿ ಕಳೆದುಕೊಂಡು, ಯಾರಿಗೂ ಹೇಳಲಾರದೆ ವಾರಗಟ್ಟಲೆ ಕಾಲೇಜಿಗೆ ಬಾರದಿದ್ದ ಸಹಪಾಠಿಯನ್ನು ನಾನು ಹತ್ತಿರದಿಂದ ಬಲ್ಲೆ. ಅವನು ಓದಿನಲ್ಲಿ ನಮಗಿಂತ ಮುಂದಿದ್ದವನು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿತು. ಅದು ಹಣ ಪಣಕ್ಕಿಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಮತ್ತು ಪಣವಿಲ್ಲದ ಸಾಮಾಜಿಕ ಆಟಗಳನ್ನು ಬೇರೆಯಾಗಿ ಗುರುತಿಸುತ್ತದೆ. ಆಟವನ್ನೂ ಜೂಜನ್ನೂ ಬೇರೆ ಮಾಡಿ ನೋಡುವ ಈ ದೃಷ್ಟಿ ನಮಗೂ ಬೇಕು.

ಹಿಡಿದಿಡದೆಯೂ ಆಟ ಗೆಲ್ಲಬಹುದು ಎಂಬುದಕ್ಕೆ ‘ವರ್ಡಲ್’ ಸಾಕ್ಷಿ. 2021ರಲ್ಲಿ ಜಾಶ್ ವಾರ್ಡಲ್ ಎಂಬ ಎಂಜಿನಿಯರ್ ತಮ್ಮ ಸಂಗಾತಿಗಾಗಿ ಮಾಡಿದ ಪದದ ಆಟ ಅದು. ದಿನಕ್ಕೆ ಒಂದೇ ಪದ. ಇನ್ನೊಮ್ಮೆ ಆಡಬೇಕೆಂದರೂ ನಾಳೆಯವರೆಗೆ ಕಾಯಬೇಕಿತ್ತು. ‘ಇವತ್ತಿಗೆ ಸಾಕು, ಹೋಗಿ’ ಎನ್ನುವ ಆಟಕ್ಕೆ ಲಕ್ಷಾಂತರ ಜನ ಮುಗಿಬಿದ್ದರು.

ಒಬ್ಬನೇ ಕೂತು ಮಾಡಿದ ಆಟಗಳು

ಇಂದಿನ ನಿಜವಾದ ಹೊಸತನ ನೋಡಬೇಕೆಂದರೆ ಸಣ್ಣ ಗೇಮ್‌ಗಳ ಕಡೆ ತಿರುಗಬೇಕು. 2013ರ ‘ಪೇಪರ್ಸ್, ಪ್ಲೀಸ್’ ಎಂಬ ಗೇಮ್‌ನಲ್ಲಿ ನೀವು ಗಡಿ ಠಾಣೆಯ ಗುಮಾಸ್ತ. ಬಂದವರ ದಾಖಲೆ ಪರೀಕ್ಷಿಸಿ ಮೊಹರು ಒತ್ತುವುದು ನಿಮ್ಮ ಕೆಲಸ. ಒಂದು ಕಾಗದ ಕಡಿಮೆ ಇರುವ ತಾಯಿಯನ್ನು ಒಳಗೆ ಬಿಟ್ಟರೆ ನಿಮ್ಮ ಸಂಬಳ ಕಟ್, ಮನೆಯಲ್ಲಿ ಮಗನಿಗೆ ಔಷಧಿ ಇಲ್ಲ. ತಾಲ್ಲೂಕು ಕಚೇರಿಯ ಕಿಟಕಿ ಮುಂದೆ ನಿಂತ ನಮಗೆ ಆ ಕಿಟಕಿಯ ಒಳಗೆ ಕೂತವನ ಸಂಕಟ ತೋರಿಸುವ ಆಟ! ಅದನ್ನು ಮಾಡಿದ್ದು ಲೂಕಾಸ್ ಪೋಪ್ ಎಂಬ ಒಬ್ಬ ವ್ಯಕ್ತಿ. 2019ರ ‘ಬಾಬಾ ಈಸ್ ಯು’ನಲ್ಲಿ ಆಟದ ನಿಯಮಗಳೇ ಪದಗಳಾಗಿ ನೆಲದ ಮೇಲೆ ಬಿದ್ದಿರುತ್ತವೆ. ಪದಗಳನ್ನು ತಳ್ಳಿ ವಾಕ್ಯ ಬದಲಿಸಿದರೆ ನಿಯಮವೇ ಬದಲಾಗುತ್ತದೆ. ‘ಗೋಡೆ ತಡೆಯುತ್ತದೆ’ ಎಂಬ ವಾಕ್ಯ ಒಡೆದರೆ ಗೋಡೆಯ ಮೂಲಕವೇ ನಡೆದು ಹೋಗಬಹುದು. ಇಂಥದ್ದು ಹಿಂದೆ ಕಂಡದ್ದು ತೀರಾ ಅಪರೂಪ.

ಕೆಲಸ ಹುಡುಕುತ್ತಿರುವವರು ಎರಿಕ್ ಬರೋನ್ ಕಥೆಯನ್ನು ಓದಬೇಕು. ಅಮೆರಿಕದ ಈ ಯುವಕ 2011ರಲ್ಲಿ ಕಂಪ್ಯೂಟರ್ ಸೈನ್ಸ್ ಪದವಿ ಮುಗಿಸಿದ. ಕೆಲಸ ಸಿಗಲಿಲ್ಲ. ಕೋಡಿಂಗ್ ಕೈ ಪಳಗಲಿ ಎಂದು ತಾನು ಚಿಕ್ಕಂದಿನಲ್ಲಿ ಆಡಿದ ಬೇಸಾಯದ ಗೇಮ್‌ನಂಥದ್ದೊಂದನ್ನು ಮಾಡತೊಡಗಿದ. ಚಿತ್ರ, ಸಂಗೀತ, ಕಥೆ, ಕೋಡ್ ಎಲ್ಲವೂ ಒಬ್ಬನದೇ. ನಡುವೆ ರಂಗಮಂದಿರದಲ್ಲಿ ಸೀಟು ತೋರಿಸುವ ಕೆಲಸವನ್ನೂ ಮಾಡಿದ. ನಾಲ್ಕು ವರ್ಷಕ್ಕೂ ಮಿಕ್ಕಿ ದುಡಿದ ಮೇಲೆ, 2016ರಲ್ಲಿ ‘ಸ್ಟಾರ್‌ಡ್ಯೂ ವ್ಯಾಲಿ’ ಬಂತು. ಅದರ 4 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ. ಇಲ್ಲೂ ದೂರದ ಬೆಟ್ಟದ ಮಾತು ಮರೆಯಬಾರದು: ಇವನಂತೆ ದುಡಿದು ಹೆಸರೂ ಬಾರದವರು ಸಾವಿರ ಇರುತ್ತಾರೆ. ಹಾಗಾಗಿ ಓದು ಬಿಟ್ಟು, ಕೆಲಸ ಬಿಟ್ಟು ಗೇಮ್ ಮಾಡಲು ಕೂರಿ ಎಂದು ನಾನು ಹೇಳಲಾರೆ. ಆದರೆ ಖಾಲಿ ಕೂತ ದಿನಗಳಲ್ಲಿ ಅವನು ಕಲಿತದ್ದು ಅವನದ್ದೇ ಆಯಿತು ಎಂಬುದನ್ನು ಗಮನಿಸಿ.

ಆಲೂಗಡ್ಡೆಗೆ ರೋಗವೇ ಬಾರದ ಹೊಲ

ಸ್ಟಾರ್‌ಡ್ಯೂ ವ್ಯಾಲಿಯಲ್ಲಿ ಆಲೂಗಡ್ಡೆಯನ್ನೂ ಬೆಳೆಯಬಹುದು. ಹಾಸನದವರು ಅದನ್ನು ಆಡಿದರೆ ನಗು ಬಂದೀತು. ಆ ಹೊಲದಲ್ಲಿ ಅಂಗಮಾರಿ ರೋಗ ಇಲ್ಲ. ಜಲಂಧರದಿಂದ ಬಂದ ಬಿತ್ತನೆ ಆಲೂಗಡ್ಡೆ ಒಳ್ಳೆಯದೋ ಕೊಳೆತದ್ದೋ ಎಂಬ ಆತಂಕ ಇಲ್ಲ. ಎಲ್ಲರೂ ಒಟ್ಟಿಗೆ ಬೆಳೆದರೆ ಬೆಲೆ ಬೀಳುವುದೂ ಇಲ್ಲ, ದರ ಯಾವಾಗಲೂ ನಿಗದಿ. ನಮ್ಮ ಅಪ್ಪಂದಿರು ಆಡುತ್ತಿರುವುದು ಇದಕ್ಕಿಂತ ಎಷ್ಟೋ ಕಷ್ಟದ ಆಟ.

ಹೊಸತನ ಹುಟ್ಟುವ ಜಾಗ ಇದೇ ಎಂದು ನನಗನ್ನಿಸುತ್ತದೆ. ಬೇರೆಯವರಿಗೆ ಗೊತ್ತಿಲ್ಲದ, ನಮಗೆ ಮೈಗೆಲ್ಲ ಗೊತ್ತಿರುವ ಒಂದು ಇಕ್ಕಟ್ಟು. ಹೇಮಾವತಿ ನಾಲೆಯಲ್ಲಿ ನೀರು ಬಿಟ್ಟಾಗ ಮೇಲ್ಭಾಗದ ರೈತ ಎಷ್ಟು ತೆಗೆದುಕೊಂಡರೆ ಕೊನೆಯ ಭಾಗದವನಿಗೆ ಎಷ್ಟು ಉಳಿದೀತು? ಇದನ್ನು ನಾಲ್ವರು ಆಡುವ ಆಟವಾಗಿಸಿ ನೋಡಿ. ಎಲ್ಲರೂ ದುರಾಸೆಪಟ್ಟರೆ ಎಲ್ಲರೂ ಸೋಲಬೇಕು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ತಂಬಾಕು ಹರಾಜು ಮಾರುಕಟ್ಟೆಯಲ್ಲಿ ಇವತ್ತೇ ಮಾರುವುದೋ ಇನ್ನೂ ಒಳ್ಳೆಯ ದರಕ್ಕೆ ಕಾಯುವುದೋ? ಚನ್ನರಾಯಪಟ್ಟಣದ ತೋಟದವನು ಎಳನೀರು ಕೀಳುವುದೋ ಕೊಬ್ಬರಿಗೆ ಬಿಡುವುದೋ? ಸಕಲೇಶಪುರ, ಆಲೂರು ಕಡೆ ಆನೆ ಹಿಂಡಿನ ದಾರಿಯಲ್ಲಿ ತೋಟ ಇರುವವನ ರಾತ್ರಿ ಹೇಗಿರುತ್ತದೆ? ಕೊನೆಯದಂತೂ ಹುಲಿ-ಕುರಿಯ ಹಾಗೆ ಎರಡು ಕಡೆಯಿಂದಲೂ ಆಡಬಹುದಾದ ಆಟ. ಒಂದು ಸಲ ರೈತನಾಗಿ, ಇನ್ನೊಂದು ಸಲ ಮರಿಗಳನ್ನು ದಾಟಿಸಬೇಕಾದ ತಾಯಿ ಆನೆಯಾಗಿ. ಕ್ಯಾಲಿಫೋರ್ನಿಯಾದಲ್ಲಿ ಕೂತವನಿಗೆ ಈ ತೀರ್ಮಾನಗಳು ಹೊಳೆಯುವುದು ಕಷ್ಟ.

ಬೆಂಗಳೂರಿನ ದಾರಿ

ಕರ್ನಾಟಕಕ್ಕೆ ಈ ಉದ್ಯಮ ಹೊಸದಲ್ಲ. 1997ರಲ್ಲೇ ರಾಜೇಶ್ ರಾವ್ ಬೆಂಗಳೂರಿನಲ್ಲಿ ‘ಧ್ರುವ ಇಂಟರಾಕ್ಟಿವ್’ ಶುರು ಮಾಡಿದ್ದರು. ದೇಶದ ಮೊದಲ ಗೇಮ್ ಕಂಪನಿಗಳಲ್ಲಿ ಅದೂ ಒಂದು. ವಿದೇಶಿ ಗೇಮ್‌ಗಳಿಗೆ ಚಿತ್ರ, ಪಾತ್ರ, ಕಟ್ಟಡ, ವಾಹನಗಳನ್ನು ಮಾಡಿಕೊಟ್ಟು ಹೆಸರು ಗಳಿಸಿದ ಆ ಕಂಪನಿಯನ್ನು 2019ರಲ್ಲಿ ‘ಜಿಟಿಎ’ ಖ್ಯಾತಿಯ ರಾಕ್‌ಸ್ಟಾರ್ ಕೊಂಡುಕೊಂಡಿತು. 2012ರಲ್ಲಿ ಅನಿಮೇಷನ್, ವಿಎಫ್‌ಎಕ್ಸ್, ಗೇಮಿಂಗ್‌ಗೆಂದೇ ನೀತಿ ತಂದ ಮೊದಲ ರಾಜ್ಯ ನಮ್ಮದು. 2024ರಲ್ಲಿ ಮುಂದಿನ ಐದು ವರ್ಷಗಳ ಹೊಸ ನೀತಿಯೂ ಬಂದಿದೆ.

ಈ ಕ್ಷೇತ್ರದಲ್ಲಿ ಕೋಡಿಂಗ್ ಒಂದೇ ಕೆಲಸವಲ್ಲ. ಚಿತ್ರ ಬರೆಯುವವರು, ಸದ್ದು ಕೂಡಿಸುವವರು, ಹಂತ ರೂಪಿಸುವವರು, ತಪ್ಪು ಹುಡುಕಿ ವರದಿ ಕೊಡುವ ಪರೀಕ್ಷಕರು ಎಲ್ಲರೂ ಬೇಕು. ಸಂದರ್ಶನದಲ್ಲಿ ಅಂಕಪಟ್ಟಿಯಷ್ಟೇ ಮುಖ್ಯವಾಗಿ ‘ನೀವು ಏನು ಮಾಡಿದ್ದೀರಿ, ತೋರಿಸಿ’ ಎನ್ನುತ್ತಾರೆ. ತೋರಿಸಲು ದೊಡ್ಡದೇನೂ ಬೇಡ, ಮುಗಿಸಿದ ಒಂದು ಪುಟ್ಟ ಗೇಮ್ ಸಾಕು. ಮುಗಿಸಿದ್ದು ಎಂಬ ಮಾತು ಇಲ್ಲಿ ಮುಖ್ಯ.

ಅದಕ್ಕೆ ಬೇಕಾದ ಸಲಕರಣೆಗಳು ಇವತ್ತು ಪುಕ್ಕಟೆ ಸಿಗುತ್ತವೆ. ಗೇಮ್ ಕಟ್ಟಲು ‘ಗೋಡೋ’, ಮೂರು ಆಯಾಮದ ಚಿತ್ರಕ್ಕೆ ‘ಬ್ಲೆಂಡರ್’, ಬಣ್ಣಕ್ಕೆ ‘ಕ್ರೀಟಾ’. ಮೂರೂ ಮುಕ್ತ ತಂತ್ರಾಂಶಗಳು. ಕಾಲೇಜಿನ ಸಾಧಾರಣ ಲ್ಯಾಪ್‌ಟಾಪಿನಲ್ಲಿ ಸಣ್ಣ ಗೇಮ್ ಮಾಡಲು ಇವು ಸಾಕು. ಎರಡು ದಿನದಲ್ಲಿ ಒಂದು ಗೇಮ್ ಮಾಡಿ ಮುಗಿಸುವ ‘ಗೇಮ್ ಜಾಮ್’ ಸ್ಪರ್ಧೆಗಳಿಗೆ ಮನೆಯಿಂದಲೇ ಸೇರಬಹುದು. ಮಾಡಿದ್ದನ್ನು ‘ಇಚ್’ ತಾಣದಲ್ಲಿ ಹಾಕಿದರೆ ಲೋಕದ ಯಾವ ಮೂಲೆಯವರೂ ಆಡಿ ನೋಡುತ್ತಾರೆ, ಬೈಯುತ್ತಾರೆ, ತಿದ್ದುತ್ತಾರೆ. 1985ರಲ್ಲಿ ಗೇಮ್ ಮಾಡಬೇಕೆಂದರೆ ಬೇಕಾಗುತ್ತಿದ್ದ ಯಂತ್ರ ನಮ್ಮ ಜಿಲ್ಲೆಯ ವಿದ್ಯಾರ್ಥಿಯ ಕೈಗೆ ಎಟುಕುವಂತಿರಲಿಲ್ಲ. ಹೊಸ ಕಾಲ ಹಳೆಯ ಕಾಲವನ್ನು ಎಲ್ಲಿ ಮೀರಿಸಿದೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಇದನ್ನೇ.

ಈ ಭಾನುವಾರ ಒಂದು ಕೆಲಸ

ಹಳೆಯವರು ಜಾಗವಿಲ್ಲದೆಯೂ ಹೊಸದನ್ನು ಕಂಡುಕೊಂಡರು. ಇಂದಿನ ದೊಡ್ಡವರು ಜಾಗವಿದ್ದೂ ಹೆದರುತ್ತಾರೆ. ಮೊಬೈಲ್‌ನ ಜಾಣರು ತಮ್ಮ ಹೊಸತನವನ್ನೆಲ್ಲ ನಮ್ಮನ್ನು ಕಟ್ಟಿಹಾಕಲು ಬಳಸುತ್ತಾರೆ. ಸಣ್ಣವರು ಮಾತ್ರ ಇವತ್ತಿಗೂ ಹಳೆಯವರ ಹಾಗೆ ಬುದ್ಧಿ ಓಡಿಸುತ್ತಿದ್ದಾರೆ, ಅದೂ ಹಳೆಯವರಿಗಿಂತ ಒಳ್ಳೆಯ ಸಲಕರಣೆ ಹಿಡಿದು. ನನ್ನ ಲೆಕ್ಕದಲ್ಲಿ ಬಸ್ಸಿನ ವಾದಕ್ಕೆ ಉತ್ತರ ಇಷ್ಟು.

ಇದನ್ನು ಒಪ್ಪಬೇಕೆಂದೇನಿಲ್ಲ, ನೀವೇ ಪರೀಕ್ಷಿಸಿ ನೋಡಿ. ಈ ಭಾನುವಾರ ನೀವು ಹೆಚ್ಚು ಆಡುವ ಗೇಮ್ ಯಾವುದೋ ಅದರ ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಬಹುಮಾನ, ಪಾಸು, ಬಣ್ಣ ಯಾವುದನ್ನೂ ಬರೆಯಬೇಡಿ, ಆಟದ ನಿಯಮ ಮಾತ್ರ. ಕೆಲವು ಗೇಮ್‌ಗಳಿಗೆ ಹಾಳೆ ತುಂಬುತ್ತದೆ. ಕೆಲವಕ್ಕೆ ಎರಡು ಸಾಲೂ ಆಗುವುದಿಲ್ಲ. ಆಮೇಲೆ ಅದರಲ್ಲಿ ಒಂದೇ ಒಂದು ನಿಯಮ ಬದಲಿಸಿ, ಹುಣಸೆ ಬೀಜವನ್ನೋ ಕಲ್ಲನ್ನೋ ಇಟ್ಟುಕೊಂಡು ತಂಗಿಯ ಜತೆಗೋ ಗೆಳೆಯನ ಜತೆಗೋ ಆಡಿ. ಮೂರನೇ ಸಲವೂ ಅವರು ‘ಇನ್ನೊಂದಾಟ’ ಎಂದರೆ ಆ ಹಾಳೆಯನ್ನು ಜೋಪಾನವಾಗಿ ಎತ್ತಿಡಿ. ಲ್ಯಾಪ್‌ಟಾಪ್ ತೆರೆಯುವ ಕೆಲಸ ಸೋಮವಾರ ಶುರು ಮಾಡಬಹುದು.